ನಿಮಗಿದು ಗೊತ್ತೇ? ರಾಜನ ಕುದುರೆ ಕರಗಿ ಗುಂಡಾಯಿತು!

ಮಲೆನಾಡಿನಲ್ಲಿ, ಕೊಡಗಿನಲ್ಲಿ '12 ಬೋರ್ ಕೋವಿ' ಎಂಬ ಮಾತು ಕೇಳಿರುತ್ತೀರಿ. ಆ 12 ಏನು ಹೇಳಿ ನೋಡೋಣ? ಅಂಗುಲವಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸ ಕರಗಿಸಿ ಆ ನಳಿಗೆಗೆ ಸರಿಹೊಂದುವ ದುಂಡನೆಯ ಗುಂಡು ಎರೆದರೆ ಎಷ್ಟಾಗುತ್ತವೆ? ಸರಿಯಾಗಿ 12! ತೋಟಾ ಬಂದು ಒಂದೂವರೆ ಶತಮಾನ ಕಳೆದರೂ ನಳಿಗೆಯ ಬಾಯಿಯಿಂದ ಮದ್ದು ತುಂಬುತ್ತಿದ್ದ ಕಾಲದ ಆ ಲೆಕ್ಕ ಹಾಗೇ ಉಳಿದಿದೆ.

ಹಾಗಾದರೆ ಸಣ್ಣ ನಳಿಗೆಯ ರೈಫಲ್‌ಗೆ ಎಷ್ಟು? ಅಮೆರಿಕದ ಕಾಡಂಚಿನ ರೈತರ ಬಳಿ 0.32 ಅಂಗುಲದ 'ಅಳಿಲು ರೈಫಲ್' ಇರುತ್ತಿತ್ತು. ಅದರ ಗುಂಡು ಒಣ ಬಟಾಣಿ ಕಾಳಿನಷ್ಟು, ತೂಕ ಮೂರು ಗ್ರಾಮಿನ ಆಸುಪಾಸು. ಬ್ರಿಟಿಷ್ ಸಿಪಾಯಿಯ ಮಸ್ಕೆಟ್‌ಗೆ ಹದಿನಾಲ್ಕು ಗುಂಡಿಗೇ ಮುಗಿಯುವ ಒಂದು ಪೌಂಡ್ ಸೀಸದಲ್ಲಿ ಇಲ್ಲಿ 150ಕ್ಕೂ ಹೆಚ್ಚು ಗುಂಡು! ಅಂಗಡಿ ನಾಲ್ಕಾರು ದಿನದ ದಾರಿಯಾಗಿದ್ದವರಿಗೆ ಇದು ಸಣ್ಣ ಉಳಿತಾಯವೇ?

ಆ ಗುಂಡು ನಳಿಗೆಗಿಂತ ಚೂರು ಚಿಕ್ಕದು ಎಂದರೆ ನಂಬುತ್ತೀರಾ? ಎಣ್ಣೆಯೋ ಕೊಬ್ಬೋ ಸವರಿದ ಬಟ್ಟೆಯ ತುಂಡಿನಲ್ಲಿ ಅದನ್ನು ಸುತ್ತಿ ಗಜದಿಂದ ಒಳಕ್ಕೆ ನೂಕುತ್ತಿದ್ದರು. ಏನೂ ಸಿಗದಿದ್ದರೆ ಎಂಜಲಿನಲ್ಲಿ ಒದ್ದೆ ಮಾಡಿದ ಬಟ್ಟೆಯೇ ಸಾಕು. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿ ಹಿಡಿಯುವುದು ಸೀಸವಲ್ಲ, ಬಟ್ಟೆ. ಗುಂಡನ್ನು ಬುಗುರಿಯಾಡಿಸುವುದು ಒಂದು ಚಿಂದಿ!

ಪ್ರತಿ ರೈಫಲ್ ಜೊತೆಗೂ ಅದರದೇ ಆದ ಗುಂಡಿನ ಅಚ್ಚು ಬರುತ್ತಿತ್ತು, ನೋಡಲು ಪುಟ್ಟ ಇಕ್ಕಳ. ಕೈಯಲ್ಲೇ ಕೊರೆದ ನಳಿಗೆಗಳು ಒಂದರಂತೆ ಇನ್ನೊಂದು ಇರಲಿಲ್ಲವಲ್ಲ! ನೆರೆಮನೆಯವನ ಗುಂಡು ನಿಮ್ಮ ಕೋವಿಗೆ ಕೂರುತ್ತದೆಂಬ ಭರವಸೆ ಇಲ್ಲ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಅಷ್ಟು ಕಾವು ಕಾಡಿನಲ್ಲಿ ಹಾಕಿದ ಸೌದೆ ಬೆಂಕಿಯಲ್ಲೇ ಇದೆ. ಹಾಗಾಗಿ ಗುರಿ ಅಭ್ಯಾಸದ ಮರದಿಂದ ಗುಂಡು ಕೆತ್ತಿ ತೆಗೆದು ಮತ್ತೆ ಎರೆಯುತ್ತಿದ್ದರು. ಒಂದೇ ಸೀಸ, ಎಷ್ಟು ಜನ್ಮ!

ಇಷ್ಟು ಸಣ್ಣ ಗುಂಡೂ ಅಳಿಲಿಗೆ ದೊಡ್ಡದೇ. ಅದಕ್ಕೂ ಉಪಾಯವಿತ್ತು. ಗುರಿ ಅಳಿಲಿಗಲ್ಲ, ಅದು ಕುಳಿತ ತೊಗಟೆಗೆ! ತೊಗಟೆ ಸಿಡಿದ ರಭಸಕ್ಕೇ ಅಳಿಲು ಸತ್ತು ಬೀಳುತ್ತಿತ್ತು, ಮೈಗೆ ಗುಂಡು ತಾಗುತ್ತಲೇ ಇರಲಿಲ್ಲ. ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಹೀಗೆ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಪಕ್ಷಿ ಚಿತ್ರಕಾರ ಆಡುಬಾನ್ ಬರೆದಿದ್ದಾನೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಲೂಯಿಸ್ ಮತ್ತು ಕ್ಲಾರ್ಕ್ 1804ರಲ್ಲಿ ಅಮೆರಿಕ ಖಂಡ ದಾಟಿ ಪೆಸಿಫಿಕ್ ಕಡಲಿಗೆ ಹೊರಟರು. ದಾರಿಯುದ್ದಕ್ಕೂ ನದಿ, ಮಳೆ, ಮಗುಚುವ ದೋಣಿ. ಮದ್ದು ನೆನೆದರೆ ಊಟವಿಲ್ಲ. ಲೂಯಿಸ್ ಏನು ಮಾಡಿದ ಗೊತ್ತೇ? ಮದ್ದಿನ ಡಬ್ಬಿಗಳನ್ನು ಸೀಸದಿಂದಲೇ ಮಾಡಿಸಿದ! ಒಂದೊಂದರೊಳಗೆ 4 ಪೌಂಡ್ ಮದ್ದು, ಡಬ್ಬಿಯ ತೂಕ 8 ಪೌಂಡ್, ಬಾಯಿಗೆ ಬಿರಡೆ, ಮೇಲೆ ಮೇಣ. ಮದ್ದು ತೆಗೆದ ಮೇಲೆ ಡಬ್ಬಿ ಕರಗಿಸಿ. ಅಷ್ಟು ಮದ್ದಿಗೆ ಬೇಕಾದಷ್ಟೇ ಗುಂಡು ಸಿಗುತ್ತವೆ! ಹೊರಟಾಗ ಇಂಥ 52 ಡಬ್ಬಿಗಳಿದ್ದವು. 1806ರ ಫೆಬ್ರವರಿಯಲ್ಲಿ, ಕಡಲ ದಂಡೆಯ ಮಳೆನಾಡಿನಲ್ಲಿ ತೆರೆದು ನೋಡಿದರೆ ಹೆಚ್ಚಿನವುಗಳ ಮದ್ದು ತುಂಬಿದ ದಿನದಷ್ಟೇ ಒಣಗಿತ್ತು. ಬಿಸಾಡಲು ಏನೂ ಉಳಿಯದ ಪೊಟ್ಟಣ! ಇಂಥ ಬುದ್ಧಿವಂತಿಕೆಗೆ ಎಷ್ಟು ಚಪ್ಪಾಳೆ ತಟ್ಟಿದರೂ ಕಡಿಮೆಯೇ.

ಡಬ್ಬಿಯೂ ಇಲ್ಲದಿದ್ದರೆ? ರಾಜನನ್ನೇ ಕರಗಿಸಿ! ನ್ಯೂಯಾರ್ಕಿನ ಬೌಲಿಂಗ್ ಗ್ರೀನ್‌ನಲ್ಲಿ ಕುದುರೆ ಏರಿದ ಮೂರನೇ ಜಾರ್ಜ್ ದೊರೆಯ ಪ್ರತಿಮೆಯಿತ್ತು. ಮೇಲೆ ಚಿನ್ನದ ಲೇಪ, ಒಳಗೆಲ್ಲ ಸೀಸ. 1776ರ ಜುಲೈ 9ರಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆ ಓದುವುದನ್ನು ಕೇಳಿ ಬಂದ ಜನ ಹಗ್ಗ ಹಾಕಿ ಎಳೆದು ಕೆಡವಿದರು. ಚೂರುಗಳು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿನ ಸ್ವಾತಂತ್ರ್ಯ ಹೋರಾಟಗಾರ ಆಲಿವರ್ ವಾಲ್ಕಟ್ ಮನೆ ಸೇರಿದವು. ಅಲ್ಲಿ ಗುಂಡು ಎರೆದವರು ಯಾರು? ಹೆಂಗಸರು, ಮಕ್ಕಳು! ಯಾರು ಎಷ್ಟು ಮಾಡಿದರೆಂಬ ಪಟ್ಟಿಯೇ ಉಳಿದಿದೆ. ರೂತ್ ಮಾರ್ವಿನ್ 11,592. ಮನೆಯ ಚಿಕ್ಕ ಹುಡುಗ ಫ್ರೆಡರಿಕ್ ಕೂಡ 936. ಒಟ್ಟು 42,088! ಅಷ್ಟೂ ಗುಂಡು ಬ್ರಿಟಿಷ್ ರಾಜನ ಸೈನಿಕರ ಮೇಲೆಯೇ ಹಾರಲು ಸಿದ್ಧವಾದವು. ಕುದುರೆಯ ಬಾಲ ಹೇಗೋ ತಪ್ಪಿಸಿಕೊಂಡು ಈಗ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿದೆ!

ಅದೇ ಸ್ವಾತಂತ್ರ್ಯ ಯುದ್ಧದಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಊರಿನ ಕ್ರೈಸ್ಟ್ ಚರ್ಚ್‌ನಲ್ಲಿ ಅಮೆರಿಕದ ಸೈನಿಕರು ಬೀಡುಬಿಟ್ಟರು. ಆರ್ಗನ್ ವಾದ್ಯದ ಕೊಳವೆಗಳನ್ನು ಕಿತ್ತು ಗುಂಡು ಎರೆದರು. ಸ್ವರ ನುಡಿಸುತ್ತಿದ್ದ ಲೋಹ ಢಂ ಎಂದಿತು!

ಆ ಯುದ್ಧದಲ್ಲಿ ಕಾಗದಕ್ಕೂ ಬರ. ಪೆನ್ಸಿಲ್ವೇನಿಯದ ಮುದ್ರಕ ಸಾವರ್ 1776ರಲ್ಲಿ ಜರ್ಮನ್ ಬೈಬಲ್ ಅಚ್ಚು ಹಾಕಿಸಿದ್ದ. ಇನ್ನೂ ಹೊಲಿಯದ ಹಲವು ಹಾಳೆಗಳು ಮದ್ದು ಕಟ್ಟುವ ಕಾಗದವಾಗಿ ಯುದ್ಧಕ್ಕೆ ಹೋದವು. ಉಳಿದ ಪ್ರತಿಗಳಿಗೆ ಇಂದಿಗೂ 'ಗನ್ ವ್ಯಾಡ್ ಬೈಬಲ್' ಎಂದೇ ಹೆಸರು!

ಇನ್ನು ತೋಟಾದೊಳಗಿನ ಸಣ್ಣ ಸೀಸದ ಕಾಳು, ಅಂದರೆ ಚರೆ, ಅಷ್ಟು ದುಂಡಗೆ ಬರುವುದು ಹೇಗೆ? ಬ್ರಿಸ್ಟಲ್‌ನ ಕೊಳಾಯಿ ಕೆಲಸದ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಬಿಡುವುದು, ಕೆಳಗೆ ನೀರು. ಬೀಳುವಾಗ ಹನಿ ತಾನಾಗಿಯೇ ದುಂಡಗಾಗುತ್ತದೆ! ಎತ್ತರ ಸಾಲದೆ ಅವನು ಮನೆಯ ಮೇಲೆ ಗೋಪುರ ಎಬ್ಬಿಸಿದ, ನೆಲ ಕೊರೆದು ಕೆಳಗೂ ಇಳಿದ. ಅಚ್ಚೇ ಬೇಡದ ಗುಂಡು! ಅಂದಹಾಗೆ, ನಮ್ಮ ಬೇಟೆಗಾರರು ಹೇಳುತ್ತಿದ್ದ 'ಎಲ್‌ಜಿ' ಚರೆ ಸುಮಾರು 9 ಮಿಲಿಮೀಟರ್. ಅಳಿಲು ರೈಫಲ್ಲಿನ ಗುಂಡಿಗಿಂತ ಅದರ ಒಂದು ಕಾಳೇ ದಪ್ಪ!

ಗುಂಡೇ ಬೇಡದ ಈಡೂ ಉಂಟು. ಕೊಡವರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಸಾವಾದರೆ ಎರಡು. ಬೆಟ್ಟದಾಚೆಯವರಿಗೂ ಸುದ್ದಿ ಮುಟ್ಟಿತು! ಕೈಲ್‌ಪೊಳ್ದ್ ಹಬ್ಬದಲ್ಲಂತೂ ಕೋವಿಗೆ ಪೂಜೆ, 'ತೋಕ್ ಪೂ' ಎಂಬ ಕೆಂಪು-ಹಳದಿ ಹೂವಿನ ಅಲಂಕಾರ.

ಕೊನೆಗೆ ನಮ್ಮ 1857. ಬಂಡೆದ್ದ ಸಿಪಾಯಿಗಳಿಗೆ ಸೀಸ ಸಿಗುವುದು ಕಷ್ಟ. ಆದರೆ ಊರೂರಿಗೆ ಬ್ರಿಟಿಷರೇ ಹೊಸದಾಗಿ ಎಳೆದ ದಪ್ಪನೆಯ ಟೆಲಿಗ್ರಾಫ್ ತಂತಿ ಇತ್ತಲ್ಲ! ಕತ್ತರಿಸಿದರು, ತುಂಡು ಮಾಡಿದರು, ಕೋವಿಗೆ ತುರುಕಿದರು. ಇತ್ತ ಗುಂಡೂ ಸಿಕ್ಕಿತು, ಅತ್ತ ಸರ್ಕಾರದ ಸುದ್ದಿಯೂ ನಿಂತಿತು. ತಂತಿಕಂಬಗಳ ಬುಡಕ್ಕೆ ಹಾಕಿದ್ದ ಟೊಳ್ಳು ಕಬ್ಬಿಣದ ಕೊಳವೆಗಳನ್ನೂ ಬಿಡಲಿಲ್ಲ. ಅವು ಪುಟ್ಟ ಫಿರಂಗಿಗಳಾದವು!