ಹನಿಗೂಡಿ ಹಳ್ಳವಾಗುವ ವೋಲ್ಟೇಜು

ಒಂದು ಆಪ್-ಆಂಪ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಇಷ್ಟಿದ್ದರೆ ಅನುಕಲನ ಮಾಡುವ ಇಂಟಿಗ್ರೇಟರ್ ಸಿದ್ಧ ಎಂದು ಪಠ್ಯಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ಕಟ್ಟಿ ನೋಡಿದವರಿಗೆ ಗೊತ್ತು, ಕಷ್ಟ ಶುರುವಾಗುವುದೇ ಅಲ್ಲಿಂದ.

1876ರಲ್ಲಿ ಜೇಮ್ಸ್ ಥಾಮ್ಸನ್ ಇದೇ ಕೆಲಸವನ್ನು ತಿರುಗುವ ತಟ್ಟೆ, ಗುಂಡು ಮತ್ತು ಉರುಳೆಯಿಂದ ಮಾಡಿಸಿದ್ದರು. ಅವರ ತಮ್ಮ ಲಾರ್ಡ್ ಕೆಲ್ವಿನ್ ಅದನ್ನು ಸಮುದ್ರದ ಉಬ್ಬರವಿಳಿತದ ವಿಶ್ಲೇಷಣೆಗೆ ಹಚ್ಚಿದರು. ಎರಡನೇ ಮಹಾಯುದ್ಧದಲ್ಲಿ ಬೆಲ್ ಲ್ಯಾಬ್ಸ್ ವಿಮಾನ ಹೊಡೆಯುವ ಫಿರಂಗಿಗಳ ಗುರಿಯ ಲೆಕ್ಕವನ್ನು ವ್ಯಾಕ್ಯೂಮ್ ಟ್ಯೂಬುಗಳಿಗೆ ಒಪ್ಪಿಸಿತು. ‘ಆಪರೇಷನಲ್ ಆಂಪ್ಲಿಫೈಯರ್’ ಎಂಬ ಹೆಸರು ಬಂದದ್ದು 1947ರಲ್ಲಿ, ಜಾನ್ ರಾಗಜ್ಜಿನಿ ಮತ್ತು ಸಂಗಡಿಗರ ಪ್ರಬಂಧದಿಂದ. ಕೆಲವೇ ವರ್ಷಗಳಲ್ಲಿ ಜಾರ್ಜ್ ಫಿಲ್‌ಬ್ರಿಕ್ ಅದನ್ನು ಅಂಗಡಿ ಸರಕಾಗಿಸಿದರು. ಅವರ ಕೆ2-ಡಬ್ಲ್ಯೂ ಎಂಬ ಪುಟ್ಟ ಡಬ್ಬಿಗೆ ಎರಡು ಟ್ಯೂಬು, 300 ವೋಲ್ಟಿನ ಊಟ!

ಆ ಗಾಳಿ ಬೆಂಗಳೂರಿಗೂ ಬೀಸಿತು. 1950ರ ದಶಕದ ಮಧ್ಯದಲ್ಲಿ ವಿಸ್ಕಾನ್ಸಿನ್‌ನ ವಿನ್ಸೆಂಟ್ ರೈಡೌಟ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಇಂಥ ಇಂಟಿಗ್ರೇಟರುಗಳನ್ನು ಜೋಡಿಸಿದ ಅನಲಾಗ್ ಕಂಪ್ಯೂಟರೊಂದು ಅಲ್ಲಿ ಎದ್ದು ನಿಂತಿತು. ಫಿಲ್‌ಬ್ರಿಕ್ ಮತ್ತು ರೈಡೌಟ್ ಹೆಸರುಗಳನ್ನು ಕೂಡಿಸಿ ಅದನ್ನು ‘ಪ್ರೆಡಾ’ ಎಂದು ಕರೆದರು. ವಿದ್ಯಾರ್ಥಿಯಾಗಿ ಅದರೊಡನೆ ಕೆಲಸ ಮಾಡಿದವರಲ್ಲಿ ವಿ. ರಾಜಾರಾಮನ್ ಒಬ್ಬರು. ದೇಶದ ಕಂಪ್ಯೂಟರ್ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಮೇಷ್ಟ್ರು ಇಂಥ ಯಂತ್ರದಲ್ಲಿ ಪಳಗಿದ್ದು ನನಗಂತೂ ಖುಷಿಯ ಸಂಗತಿ.

ತೊಡಕಿರುವುದು ಅನುಕಲನದ ಗುಣದಲ್ಲೇ. ಬಂದದ್ದನ್ನೆಲ್ಲ ಅದು ಕೂಡುತ್ತಾ ಹೋಗುತ್ತದೆ. ಯಾವುದು ಸಿಗ್ನಲ್, ಯಾವುದು ಆಂಪ್ಲಿಫೈಯರಿನದೇ ಐಬು ಎಂದು ವಿಚಾರಿಸುವುದಿಲ್ಲ. 15 ವೋಲ್ಟಿನಲ್ಲಿ ನಡೆಯುವ 741 ಎಂಬ ಆಪ್-ಆಂಪ್ ಚಿಪ್ಪಿಗೆ 1 ಮೆಗಾಓಮ್, 1 ಮೈಕ್ರೋಫ್ಯಾರಡ್ ಜೋಡಿಸಿ, ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಿ. ಚಿಪ್ಪು ಇನ್‌ಪುಟ್ಟಿನಿಂದ ತನಗಾಗಿ ಎಳೆದುಕೊಳ್ಳುವ ಕರೆಂಟು ಸುಮಾರು 80 ನ್ಯಾನೋಆಂಪಿಯರ್. ಅಷ್ಟಕ್ಕೇ ಔಟ್‌ಪುಟ್ ಸೆಕೆಂಡಿಗೆ 80 ಮಿಲಿವೋಲ್ಟ್ ಜಾರಿ, ಮೂರು ನಿಮಿಷದೊಳಗೆ ಮೇಲಿನ ಮಿತಿಗೆ ಹೋಗಿ ಅಂಟಿಕೊಳ್ಳುತ್ತದೆ. ಕೆಪಾಸಿಟರಿಗೆ ಅಡ್ಡಲಾಗಿ ದೊಡ್ಡ ರೆಸಿಸ್ಟರ್ ಹಾಕಿದರೆ ಜಾರುವುದು ನಿಲ್ಲುತ್ತದೆ, ಆದರೆ ನಿಧಾನವಾಗಿ ಬದಲಾಗುವ ಸಿಗ್ನಲ್ಲಿನ ಲೆಕ್ಕ ಕೆಡುತ್ತದೆ. ಹಾಗಾಗಿ ಹಳಬರು ಪ್ರತಿ ಲೆಕ್ಕಕ್ಕೂ ಮುನ್ನ ರಿಲೇಯಿಂದ ಕೆಪಾಸಿಟರನ್ನು ಮೊದಲ ಸ್ಥಿತಿಗೆ ತರುತ್ತಿದ್ದರು. ಆರ್‌ಸಿಎಯ ಎಡ್ವಿನ್ ಗೋಲ್ಡ್‌ಬರ್ಗ್ 1949ರಲ್ಲಿ, ಐಬನ್ನೇ ಅಳೆದು ತಿದ್ದುವ ಚಾಪರ್ ಉಪಾಯ ಹೂಡಿದರು. ಮುಂದೆ ಜೆಫೆಟ್ ಇನ್‌ಪುಟ್ಟಿನ ಚಿಪ್ಪುಗಳು ಆ ಕರೆಂಟನ್ನು ಸಾವಿರಪಟ್ಟಿಗೂ ಮಿಕ್ಕಿ ತಗ್ಗಿಸಿದವು.

ಒಂದು ತಮಾಷೆಯಿದೆ. ಬಾಬ್ ವಿಡ್ಲಾರ್‌ನ 709 ಚಿಪ್ಪು ತಾನಾಗಿ ಕಂಪಿಸದಂತೆ ತಡೆಯಲು ಹೊರಗಿನ ಬಿಡಿಭಾಗಗಳು ಬೇಕಿದ್ದವು. 1968ರಲ್ಲಿ ಡೇವ್ ಫುಲ್ಲಗಾರ್ 741ರೊಳಗೇ 30 ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸಿದರು. ಆಂಪ್ಲಿಫೈಯರ್ ಹಂತದ ಸುತ್ತ ಕುಳಿತ ಕೆಪಾಸಿಟರ್ ಎಂದರೆ ಇಂಟಿಗ್ರೇಟರೇ ತಾನೇ! 741ರ ಔಟ್‌ಪುಟ್ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟಿಗಿಂತ ಹೆಚ್ಚು ವೇಗವಾಗಿ ಏರಲಾರದ್ದಕ್ಕೆ ಕಾರಣವೂ ಆ 30 ಪಿಕೋಫ್ಯಾರಡ್ ತುಂಬಲು ಹಿಡಿಯುವ ಹೊತ್ತೇ.