ವಿಲಂಬಿತ ಚಲನವಿಕಾರ

ನಾಲಗೆಯು ಬಾಯೊಳಗೆ ಹುಳುವಿನಂತೆ ಹೊರಳುವುದು, ಏನನ್ನೂ ತಿನ್ನದೆ ದವಡೆ ಮೆಲುಕಾಡುವುದು, ಬೆರಳುಗಳು ವೀಣೆಯನ್ನು ಮೀಟುವಂತೆ ಆಡುವುದು: ರೋಗಿಯ ಇಚ್ಛೆಗೆ ಒಳಪಡದ ಇಂತಹ ಚೇಷ್ಟೆಗಳನ್ನು ಕಂಡವರು ಚಿತ್ತಭ್ರಮೆಯ ಲಕ್ಷಣಗಳೆಂದೇ ಬಗೆಯುವರು. ವಸ್ತುತಃ ಇವು ಅನೇಕ ವೇಳೆ ಆ ಭ್ರಮೆಯ ಶಮನಕ್ಕೆಂದು ಕೊಟ್ಟ ಔಷಧದ ಫಲವಾಗಿರುತ್ತವೆ. ಇದಕ್ಕೆ ‘ಟಾರ್ಡಿವ್ ಡಿಸ್ಕಿನೇಸಿಯ’ ಎಂದು ಹೆಸರು. ಮೊದಲ ಪದಕ್ಕೆ ತಡವಾಗಿ ತೋರುವುದೆಂದೂ ಎರಡನೆಯದಕ್ಕೆ ಕೆಟ್ಟ ಚಲನೆಯೆಂದೂ ಅರ್ಥವಾದುದರಿಂದ ಕನ್ನಡದಲ್ಲಿ ವಿಲಂಬಿತ ಚಲನವಿಕಾರವೆನ್ನಬಹುದು. ವ್ಯಾಧಿಯ ಮರ್ಮವೆಲ್ಲವೂ ಆ ವಿಶೇಷಣದಲ್ಲಿದೆ.

ಪ್ಯಾರಿಸಿನಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು 1952ರಲ್ಲಿ ಕ್ಲೋರ್‌ಪ್ರೊಮಜೀನ್ ಔಷಧವನ್ನು ಉನ್ಮಾದಕ್ಕೆ ಪ್ರಯೋಗಿಸಿದರು. ಸಂಕೋಲೆಯಲ್ಲಿದ್ದ ಬುದ್ಧಿಗಳು ಅನೇಕ ಕಡೆ ಬಿಡುಗಡೆ ಹೊಂದಿದವು. ಐದು ವರ್ಷಗಳಲ್ಲಿಯೇ, 1957ರಲ್ಲಿ, ಜರ್ಮನಿಯ ಷೋನೆಕರ್ ಈ ವಿಕಾರವನ್ನು ವರ್ಣಿಸಿದನು. 1964ರಲ್ಲಿ ಡೆನ್ಮಾರ್ಕಿನ ಫೌರ್ಬೈ ಮತ್ತು ಸಂಗಡಿಗರು ಈಗಿನ ಹೆಸರನ್ನಿಟ್ಟರು.

ಚಲನೆಯನ್ನು ಹದದಲ್ಲಿಡುವ ಮಿದುಳಿನ ಭಾಗಕ್ಕೆ ಡೋಪಮೀನ್ ಎಂಬ ದ್ರವ್ಯವು ಸಂದೇಶವಾಹಕ. ಔಷಧವು ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳನ್ನು ಮುಚ್ಚುತ್ತದೆ. ಬಹುಕಾಲ ಮುಚ್ಚಿದ ಬಾಗಿಲುಗಳು ಅತಿಸೂಕ್ಷ್ಮವಾಗಿ, ಅಲ್ಪ ಸಂದೇಶಕ್ಕೂ ಮಿತಿಮೀರಿ ಓಗೊಡುವುವೆಂಬುದು ಬಹುಜನ ಒಪ್ಪಿದ ಊಹೆ. ಎಲ್ಲವನ್ನೂ ಅದು ವಿವರಿಸಲಾರದು. ಆದರೆ ಒಂದು ವಿಚಿತ್ರಕ್ಕೆ ಅದು ಸಮಾಧಾನ ಹೇಳುತ್ತದೆ. ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಚೇಷ್ಟೆಗಳು ಹೆಚ್ಚುತ್ತವೆ, ಪ್ರಮಾಣವನ್ನು ಏರಿಸಿದರೆ ಕೆಲಕಾಲ ಅಡಗುತ್ತವೆ. ಕೆಡಿಸಿದ ಔಷಧವೇ ಕೇಡನ್ನು ಮರೆಮಾಡುವುದು! ನಡುಕಕ್ಕೆಂದು ಜೊತೆಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಉಲ್ಬಣಗೊಳಿಸುವುದೂ ಉಂಟು. ಹಳೆಯ ಔಷಧಗಳನ್ನು ಸೇವಿಸುವ ವಯಸ್ಕರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 5 ಮಂದಿಗೆ ಇದು ತೋರುತ್ತದೆ. ವೃದ್ಧರಲ್ಲಿ ಇನ್ನೂ ಹೆಚ್ಚು. ವಾಂತಿಯ ಔಷಧವಾದ ಮೆಟೊಕ್ಲೊಪ್ರಮೈಡ್ ಸಹ ನಿರ್ದೋಷಿಯಲ್ಲ.

ಪರಿಹಾರದ ಕಥೆಗೆ ಭಾರತದ ಸಂಬಂಧವುಂಟು. ನಮ್ಮ ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೆ ಕೊಡುವುದು ಹಳೆಯ ರೂಢಿ. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣವನ್ನು ಪ್ರಕಟಿಸಿದರು. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪೀನ್ ಬಾಗಿಲನ್ನು ಮುಚ್ಚುವುದಿಲ್ಲ, ಡೋಪಮೀನಿನ ಕಣಜವನ್ನೇ ಬರಿದುಮಾಡುತ್ತದೆ. ಸ್ವೀಡನ್ನಿನ ಕಾರ್ಲ್‌ಸನ್ ಅದನ್ನಿತ್ತು ಮೊಲಗಳನ್ನು ನಿಶ್ಚೇಷ್ಟಗೊಳಿಸಿ, ಎಲ್-ಡೋಪದಿಂದ ಪುನಃ ಎಬ್ಬಿಸಿದನು. 2000ದ ನೊಬೆಲ್ ಬಹುಮಾನಕ್ಕೆ ಮೂಲವಾದ ಶೋಧನೆಗಳಲ್ಲಿ ಇದೊಂದು. 2017ರಲ್ಲಿ ಅಮೆರಿಕದಲ್ಲಿ ಈ ವಿಕಾರಕ್ಕೆಂದು ಒಪ್ಪಿಗೆ ಪಡೆದ ವಾಲ್‌ಬೆನಜೀನ್ ಮತ್ತು ಡ್ಯೂಟೆಟ್ರಬೆನಜೀನ್ ಆ ಕಣಜದ ಮೇಲೆಯೇ, ಆದರೆ ಮೃದುವಾಗಿ, ತಾತ್ಕಾಲಿಕವಾಗಿ ಕೆಲಸಮಾಡುತ್ತವೆ. ಇವು ಚೇಷ್ಟೆಯನ್ನು ತಗ್ಗಿಸುತ್ತವೆಯೇ ಹೊರತು ಮೂಲವನ್ನು ಕೀಳುವುದಿಲ್ಲ. ಆದಕಾರಣ ರೋಗಿಗೇ ಅರಿವಾಗದ ಮೊದಲ ಸುಳಿವನ್ನು, ಸುಮ್ಮನೆ ಕುಳಿತಾಗ ಮಿಸುಕುವ ನಾಲಗೆಯನ್ನು, ಮನೆಯವರು ಗಮನಿಸಿ ವೈದ್ಯರಿಗೆ ತಿಳಿಸತಕ್ಕದ್ದು; ಔಷಧವನ್ನು ತಾವೇ ನಿಲ್ಲಿಸತಕ್ಕದ್ದಲ್ಲ.