ದಿಮ್ಮಿ ಸಾಗುವ ದಾರಿಯಲ್ಲಿ ಸೈಕಲ್ ಸವಾರಿ

ಬ್ಲ್ಯಾಕ್ ಫಾರೆಸ್ಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೇಕರಿಯ ಗಾಜಿನ ಪೆಟ್ಟಿಗೆಯೊಳಗಿನ ಕೇಕು. ಜರ್ಮನಿಯ ನೈರುತ್ಯ ಮೂಲೆಯಲ್ಲಿ ಅದೇ ಹೆಸರಿನ ನಿಜವಾದ ಕಾಡೊಂದಿದೆ. ಅಲ್ಲಿನವರ ಬಾಯಲ್ಲಿ ಅದು ಶ್ವಾರ್ಟ್ಸ್‌ವಾಲ್ಡ್. ಉತ್ತರದ ಫೋರ್ಟ್ಸ್‌ಹೈಮ್‌ನಿಂದ ದಕ್ಷಿಣದಲ್ಲಿ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 150 ಕಿ.ಮೀ. ಉದ್ದಕ್ಕೆ ಹಬ್ಬಿದ ಬೆಟ್ಟಸಾಲು. ಅತಿ ಎತ್ತರದ ಶಿಖರ ಫೆಲ್ಡ್‌ಬರ್ಗ್, 1,493 ಮೀಟರ್. ಈ ಬೆಟ್ಟಗಳ ಮೈಮೇಲೆಲ್ಲ ಹರಡಿಕೊಂಡ ಜಲ್ಲಿರಸ್ತೆಗಳ ಜಾಲ ಈಗ ಗ್ರಾವೆಲ್ ಬೈಕಿನವರ ಅಚ್ಚುಮೆಚ್ಚಿನ ತಾಣ.

ಗ್ರಾವೆಲ್ ಬೈಕ್ ಎಂದರೆ ರೇಸ್ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನದು. ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಟೈರು ಮಾತ್ರ ದಪ್ಪ, ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅದಕ್ಕೆ ಗಾಳಿಯನ್ನೂ ಕಡಿಮೆ ಹಾಕುತ್ತಾರೆ. ಟೈರು ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ಅಪ್ಪಿಕೊಂಡು ಉರುಳುತ್ತದೆ. ಜೊತೆಗೆ ಡಿಸ್ಕ್ ಬ್ರೇಕು, ಏರಿಗೆ ಹಗುರವಾದ ಗೇರು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ ಜಲ್ಲಿರಸ್ತೆಯ ಓಟವೊಂದು ಈ ಹವ್ಯಾಸಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯ ವೆನೆಟೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಆದರೆ ಈ ಸೈಕಲ್ ಕೊಂಡವರಲ್ಲಿ ಓಟದ ಗೊಡವೆಗೆ ಹೋಗುವವರು ಕಡಿಮೆ. ವಾಹನಗಳ ಕಾಟವಿಲ್ಲದ ಕಡೆ ದಿನವಿಡೀ ತುಳಿಯಬೇಕು ಎನ್ನುವುದಷ್ಟೇ ಬಹುಪಾಲು ಜನರ ಆಸೆ.

ಆ ಆಸೆಗೆ ಶ್ವಾರ್ಟ್ಸ್‌ವಾಲ್ಡ್ ಇಷ್ಟು ಚೆನ್ನಾಗಿ ಒದಗಿಬಂದದ್ದು ಪ್ರವಾಸೋದ್ಯಮದ ಕೃಪೆಯಿಂದಲ್ಲ, ಮರದ ವ್ಯಾಪಾರದಿಂದ. ಇಲ್ಲಿನ ಕಾಡುರಸ್ತೆಗಳನ್ನು ಮಾಡಿದ್ದು ಮರ ಹೊರಗೆ ಸಾಗಿಸಲು. ಇಂದಿಗೂ ತಿರುವು ತಿರುವಿನಲ್ಲಿ ದಿಮ್ಮಿಗಳ ರಾಶಿ ಬಿದ್ದಿರುತ್ತದೆ. ಒಂದೇ ಅಳತೆಗೆ ಕೊಯ್ದು ಒಟ್ಟಿದ ದಿಮ್ಮಿಗಳು, ಕೊಯ್ದ ಮುಖದ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳು. ರಾಶಿ ಕಣ್ಣಿಗೆ ಬೀಳುವ ಮೊದಲೇ ಹಸಿ ರಾಳದ ವಾಸನೆ ಮೂಗಿಗೆ ಬಡಿಯುತ್ತದೆ. ಭಾರ ಹೊತ್ತ ಲಾರಿ ಓಡಾಡಬೇಕಾದ ದಾರಿಯಾದ್ದರಿಂದ ಏರು ತೀರಾ ಕಡಿದಾಗಿರುವುದಿಲ್ಲ. ಬೆಟ್ಟವನ್ನು ಸುತ್ತಿ ಬಳಸಿ ಹತ್ತುತ್ತದೆ. ರಸ್ತೆಯ ನಡು ಕೊಂಚ ಉಬ್ಬು, ಬದಿಗೆ ಚರಂಡಿ, ಅಲ್ಲಲ್ಲಿ ಮೋರಿ. ಹೀಗಾಗಿ ಮಳೆ ಸುರಿದ ಮರುದಿನವೂ ಜಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಉತ್ತರ ಭಾಗದಲ್ಲಿ ನೆಲ ಕೆಂಪು ಮರಳುಗಲ್ಲಿನದು, ದಕ್ಷಿಣಕ್ಕೆ ಹೋದಂತೆ ಗ್ರಾನೈಟ್ ಮತ್ತು ನೈಸ್. ಕಲ್ಲು ಬದಲಾದದ್ದು ಟೈರಿಗೆ ಮೆತ್ತಿದ ಕೆಸರಿನ ಬಣ್ಣದಲ್ಲೇ ತಿಳಿಯುತ್ತದೆ.

ಕಾನೂನಿನ ಪಾತ್ರವೂ ಇದೆ. ಮನರಂಜನೆಗಾಗಿ ಯಾರು ಬೇಕಾದರೂ ಕಾಡಿಗೆ ಹೋಗಬಹುದು, ಅದು ಖಾಸಗಿಯವರ ಕಾಡಾದರೂ ಸರಿ ಎನ್ನುತ್ತದೆ ಜರ್ಮನಿಯ 1975ರ ಅರಣ್ಯ ಕಾಯಿದೆ. ಆದರೆ ಶ್ವಾರ್ಟ್ಸ್‌ವಾಲ್ಡ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಇದಕ್ಕೊಂದು ಷರತ್ತು ಸೇರಿಸಿದೆ. ಕಾಡಿನೊಳಗೆ ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಬಿಡುವಂತಿಲ್ಲ. ಕಾಲುದಾರಿಯಲ್ಲಿ ಧುಮುಕುತ್ತ ಇಳಿಯುವುದೇ ಖುಷಿ ಎನ್ನುವ ಮೌಂಟನ್ ಬೈಕಿನವರು ಈ ನಿಯಮದ ಮೇಲೆ ವರ್ಷಗಳಿಂದ ಮುನಿಸಿಕೊಂಡಿದ್ದಾರೆ. ಗ್ರಾವೆಲ್‌ನವರಿಗೆ ಆ ತಂಟೆಯಿಲ್ಲ. ಅವರಿಗೆ ಬೇಕಾದದ್ದೇ ಲಾರಿ ರಸ್ತೆ.

ಸೈಕಲ್ಲಿನ ಮೂಲಪುರುಷ ಕಾರ್ಲ್ ಡ್ರೈಸ್ ಇದೇ ಬಾಡೆನ್ ಸೀಮೆಯ ಅರಣ್ಯಾಧಿಕಾರಿಯಾಗಿದ್ದ ಎನ್ನುವುದು ಇನ್ನೊಂದು ತಮಾಷೆ. 1817ರ ಜೂನ್ 12ರಂದು ಆತ ಮ್ಯಾನ್‌ಹೈಮ್‌ನಲ್ಲಿ ತನ್ನ ಎರಡು ಚಕ್ರದ ಗಾಡಿಯನ್ನು ಜನರೆದುರು ಓಡಿಸಿ ತೋರಿಸಿದ. ಮರದ ಚೌಕಟ್ಟು, ಮರದ ಚಕ್ರ. ಪೆಡಲ್ ಇಲ್ಲ, ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕು. ಅದೇ ವರ್ಷ ಆತ ಗೆರ್ನ್ಸ್‌ಬಾಖ್‌ನಿಂದ ಬೆಟ್ಟ ದಾಟಿ ಬಾಡೆನ್-ಬಾಡೆನ್‌ಗೂ ಹೋದ. ಇವೆರಡೂ ಉತ್ತರ ಶ್ವಾರ್ಟ್ಸ್‌ವಾಲ್ಡಿನ ಊರುಗಳು. ಗೇರಿಲ್ಲದ ಮರದ ಗಾಡಿಯಲ್ಲಿ ಮಣ್ಣುರಸ್ತೆಯ ಮೇಲೆ ಮಾಡಿದ ಆ ಪಯಣವನ್ನು ಮೊದಲ ಗ್ರಾವೆಲ್ ಸವಾರಿ ಎಂದರೆ ಅತಿಶಯವಾಗಲಾರದು.

ಗೆರ್ನ್ಸ್‌ಬಾಖ್ ಇರುವುದು ಮುರ್ಗ್ ನದಿಯ ಕಣಿವೆಯಲ್ಲಿ. ಹೊಸಬರು ಅಲ್ಲಿಂದಲೇ ಶುರುಮಾಡುವುದು ಲೇಸು. ನದಿಯ ಗುಂಟ ಮೇಲಕ್ಕೆ ಹೋದರೆ ಫೋರ್‌ಬಾಖ್ ಸಿಗುತ್ತದೆ. ಅಲ್ಲಿ ಹೊಳೆಯ ಮೇಲೆ ಸೂರು ಹೊದ್ದ ಮರದ ಸೇತುವೆಯಿದೆ. ಅಲ್ಲಿಂದ ಕಾಡುರಸ್ತೆ ಹತ್ತಿದರೆ 1920ರ ದಶಕದಲ್ಲಿ ಕಟ್ಟಿದ ಶ್ವಾರ್ಟ್ಸೆನ್‌ಬಾಖ್ ಅಣೆಕಟ್ಟು, ಇನ್ನೂ ಮೇಲೆ ಹೋರ್ನಿಸ್‌ಗ್ರಿಂಡೆ ಶಿಖರ, ಅದರ ಮಗ್ಗುಲಿಗೆ ಮುಮೆಲ್‌ಸೇ ಎಂಬ ಪುಟ್ಟ ಕೆರೆ. ಕೆರೆಯ ದಂಡೆಯಲ್ಲಿ ವಾರಾಂತ್ಯಕ್ಕೆ ಕಾರು, ಮೋಟಾರ್‌ಬೈಕುಗಳ ಜಾತ್ರೆ ನೆರೆಯುತ್ತದೆ. ಅಲ್ಲಿ ನಿಲ್ಲದಿದ್ದರೂ ನಷ್ಟವಿಲ್ಲ.

ಶಿಖರದ ಸಾಲಿನಲ್ಲಿ ದಕ್ಷಿಣಕ್ಕೆ ಹೋದಂತೆ ಕಾಡು ತೆಳುವಾಗುತ್ತದೆ. ಅದಕ್ಕೊಂದು ದಿನಾಂಕವಿದೆ: 1999ರ ಡಿಸೆಂಬರ್ 26. ಅಂದು ಬೀಸಿದ ಲೋಥಾರ್ ಎಂಬ ಬಿರುಗಾಳಿಗೆ ಬೆಟ್ಟದ ನೆತ್ತಿಯ ಮರಗಳು ಬುಡಮೇಲಾದವು. ಉರುಳಿದವುಗಳಲ್ಲಿ ಸ್ಪ್ರೂಸ್ ಮರಗಳೇ ಹೆಚ್ಚು. ಹಿಂದೆ ಗಾಜಿನ ಕುಲುಮೆಗೆ, ಇದ್ದಿಲಿಗೆ, ಹಡಗಿಗೆ ಎಂದು ಕಡಿದು ಕಡಿದು ಬೋಳಾಗಿದ್ದ ಬೆಟ್ಟಗಳಲ್ಲಿ 19ನೇ ಶತಮಾನದಲ್ಲಿ ಸಾಲುಗಟ್ಟಿ ನೆಟ್ಟ ಮರಗಳವು. ಬೇಗ ಬೆಳೆಯುತ್ತವೆ, ಆದರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಶ್ಲಿಫ್‌ಕೋಪ್ಫ್ ಬೆಟ್ಟದ ಬಳಿ ಒಂದಿಷ್ಟು ಜಾಗದಲ್ಲಿ ಬಿದ್ದ ಮರಗಳನ್ನು ಹಾಗೆಯೇ ಬಿಟ್ಟು, ನಡುವೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಸೈಕಲ್ ನಿಲ್ಲಿಸಿ ನಡೆದು ನೋಡಬೇಕಾದ ಜಾಗ. 2014ರಲ್ಲಿ ಈ ಭಾಗದ ಸುಮಾರು 10,000 ಹೆಕ್ಟೇರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಗುರುತು ಹಾಕಿದ ದಾರಿ ಬಿಟ್ಟು ಅತ್ತಿತ್ತ ಚಕ್ರ ಹೊರಳಿಸುವಂತಿಲ್ಲ.

ರಸ್ತೆ, ಲಾರಿಗಳಿಗಿಂತ ಮೊದಲು ದಿಮ್ಮಿ ಹೊತ್ತದ್ದು ನದಿಗಳು. ಕಿಂಟ್ಸಿಗ್ ಕಣಿವೆಯ ಶಿಲ್ಟಾಖ್, ವೊಲ್ಫಾಖ್ ಊರುಗಳಲ್ಲಿ ಅದರ ಕಥೆ ಹೇಳುವ ವಸ್ತುಸಂಗ್ರಹಾಲಯಗಳಿವೆ. ಎಳೆಯ ಗಿಡಗಳನ್ನು ಒಲೆಯಲ್ಲಿ ಕಾಯಿಸಿ, ಬಿಸಿ ಆರುವ ಮೊದಲೇ ತಿರುಚಿ ಹಗ್ಗ ಮಾಡುತ್ತಿದ್ದರು. ಆ ಹಗ್ಗದಿಂದ ದಿಮ್ಮಿಗಳನ್ನು ಬಿಗಿದು, ನೂರಾರು ಮೀಟರ್ ಉದ್ದದ ತೆಪ್ಪ ಕಟ್ಟಿ, ಹೊಳೆಗೆ ಅಡ್ಡಕಟ್ಟಿ ನಿಲ್ಲಿಸಿದ ನೀರನ್ನು ಒಮ್ಮೆಲೇ ಬಿಟ್ಟು ತೇಲಿಸುತ್ತಿದ್ದರು. ಮರ ರೈನ್ ನದಿ ಹಿಡಿದು ಹಾಲೆಂಡಿನ ಹಡಗುಕಟ್ಟೆಗಳವರೆಗೂ ಹೋಗುತ್ತಿತ್ತು. ರೈಲು ಬಂದ ಮೇಲೆ, 19ನೇ ಶತಮಾನದ ಕೊನೆಯ ಹೊತ್ತಿಗೆ ಈ ಕಸುಬು ನಿಂತಿತು. 2022ರಲ್ಲಿ ಯುನೆಸ್ಕೊ ತೆಪ್ಪದ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡಿಗರಾದವರು ಪೂರ್ವದ ನಾಗೋಲ್ಡ್ ಕಣಿವೆಗೆ ಒಂದು ದಿನ ಮೀಸಲಿಡಬೇಕು. ಅಲ್ಲಿನ ಕಾಲ್ವ್ ಎಂಬ ಸಣ್ಣ ಊರಿನಲ್ಲಿ 1877ರಲ್ಲಿ ಕಾದಂಬರಿಕಾರ ಹರ್ಮನ್ ಹೆಸ್ಸೆ ಹುಟ್ಟಿದರು. ಅವರ ತಾಯಿಯ ತಂದೆ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್, ಭಾರತದಿಂದ ಮರಳಿ ನೆಲೆಸಿದ್ದು ಇದೇ ಊರಲ್ಲಿ. 1843ರಲ್ಲಿ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಮಿಷನರಿ ಮೋಗ್ಲಿಂಗ್ ಅವರಿಗೆ ಗುಂಡರ್ಟ್ ಗೆಳೆಯರು; ಮೋಗ್ಲಿಂಗರ ಜೀವನಚರಿತ್ರೆ ಬರೆದವರೂ ಅವರೇ.

ಇಷ್ಟೆಲ್ಲ ಓದಿದ ಮಲೆನಾಡಿನವರಿಗೆ ಕಾಡು, ಕಣಿವೆ, ಜಲ್ಲಿ ನಮ್ಮಲ್ಲೂ ಇದೆಯಲ್ಲ ಎನಿಸಬಹುದು. ಇದೆ. ಆದರೆ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಆನೆ, ಹುಲಿ ಇರುವ ಕಾಡಿಗೆ ಆ ಬಿಗಿ ಬೇಕೇಬೇಕು. ನಮ್ಮಲ್ಲಿ ಗ್ರಾವೆಲ್‌ಗೆ ಸರಿಯಾದ ಜಾಗವೆಂದರೆ ಊರೂರನ್ನು ಕೂಡಿಸುವ ಮಣ್ಣುರಸ್ತೆ, ಮತ್ತು ಮಾಲೀಕರು ಒಪ್ಪಿದರೆ ಕಾಫಿ ತೋಟದ ದಾರಿ.

ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಕಡೆ ಕೆಲಸದಲ್ಲಿರುವ ಕನ್ನಡಿಗರು ಮೇ ತಿಂಗಳಿಂದ ಅಕ್ಟೋಬರ್ ನಡುವೆ ಹೊರಡುವುದು ಒಳ್ಳೆಯದು. ಚಳಿಗಾಲದಲ್ಲಿ ಎತ್ತರದ ದಾರಿಗಳು ಹಿಮದಡಿ ಹೋಗುತ್ತವೆ. ಕಾರ್ಲ್ಸ್‌ರೂಹೆಯಿಂದ ಸೈಕಲ್ ಸಮೇತ ರೈಲು ಹತ್ತಿ ಮುರ್ಗ್ ಕಣಿವೆಯ ತುದಿಯ ಫ್ರಾಯ್ಡನ್‌ಶ್ಟಾಟ್‌ಗೆ ಹೋಗಿ, ಅಲ್ಲಿಂದ ಕೆಳಕ್ಕೆ ತುಳಿಯುತ್ತ ಬಂದರೆ ಮೊದಲ ಸವಾರಿಗೆ ಸಾಕು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಪಂಕ್ಚರ್ ಸಾಮಾನು, ಮಧ್ಯಾಹ್ನದ ಬುತ್ತಿ ಎರಡನ್ನೂ ಶನಿವಾರವೇ ಹೊಂದಿಸಿಕೊಳ್ಳಿ.